ಅಂಕಿಯಿಂದ ನಾದಕ್ಕೆ: ಮೇಜಿನ ಮೇಲಿನ ಡ್ಯಾಕ್ ಮತ್ತು ಅದರ ವಿದ್ಯುತ್ತು

ಬೆಂಗಳೂರಿನ ದಕ್ಷಿಣ ಬಡಾವಣೆಗಳಾದ ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಸಂಗೀತವನ್ನು ಧನದಂತೆ ಕೂಡಿಟ್ಟ ಮನೆಗಳು ಅನೇಕ. ಆಕಾಶವಾಣಿಯ ಕಚೇರಿಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡವರುಂಟು. ಚಾಮರಾಜಪೇಟೆಯಲ್ಲಿ 1939ರಿಂದ ನಡೆದು ಬಂದಿರುವ ರಾಮನವಮಿ ಸಂಗೀತೋತ್ಸವಕ್ಕೆ ಟೇಪ್ ರೆಕಾರ್ಡರನ್ನು ಹೊತ್ತು ಹೋದವರುಂಟು. ಮನೆಯ ಹಿರಿಯರು ಮುಂಜಾನೆ ಹಾಡಿಕೊಳ್ಳುತ್ತಿದ್ದುದನ್ನೇ ಸದ್ದಿಲ್ಲದೆ ಮುದ್ರಿಸಿಕೊಂಡವರೂ ಉಂಟು. ಟೇಪು ಸವೆಯುವ ವಸ್ತು. ಆದುದರಿಂದ ಈಚಿನ ವರ್ಷಗಳಲ್ಲಿ ಮಕ್ಕಳು ಮೊಮ್ಮಕ್ಕಳು ಅವನ್ನು ಕಂಪ್ಯೂಟರಿಗೆ ವರ್ಗಾಯಿಸುತ್ತಿದ್ದಾರೆ. ಆದರೆ ಕಂಪ್ಯೂಟರಿನ ಇಯರ್‌ಫೋನ್ ರಂಧ್ರದಿಂದ ಒಂದು ತಂತಿಯನ್ನೆಳೆದು ಹಳೆಯ ಆಂಪ್ಲಿಫೈಯರಿಗೆ ಸಿಕ್ಕಿಸಿದೊಡನೆ, ಅಗಲಿದ ಅಜ್ಜಿಯ ದನಿಯ ಕೆಳಗೆ ‘ಗುಂಯ್’ ಎಂಬ ಮೊರೆತ ಕೇಳಿಬರುತ್ತದೆ. ಟೇಪೇ ಕೆಟ್ಟಿದೆಯೆಂದು ಬಗೆದು ಕೈಬಿಡುವವರಿದ್ದಾರೆ. ಅನೇಕ ವೇಳೆ ದೋಷವಿರುವುದು ಟೇಪಿನಲ್ಲಲ್ಲ. ಅಂಕಿಯು ನಾದವಾಗುವ ಕೊನೆಯ ಮಜಲಿನಲ್ಲಿ, ಮತ್ತು ಆ ಮಜಲಿಗೆ ಒದಗುವ ವಿದ್ಯುತ್ತಿನಲ್ಲಿ.

ಆ ಕೊನೆಯ ಮಜಲನ್ನು ಕಂಪ್ಯೂಟರಿನ ಹೊರಗೆ, ಬೇರೊಂದು ಪುಟ್ಟ ಪೆಟ್ಟಿಗೆಯಲ್ಲಿ ನೆರವೇರಿಸುವ ಉಪಕರಣಕ್ಕೆ ಡಿಜಿಟಲ್ ಟು ಅನಲಾಗ್ ಕನ್ವರ್ಟರ್, ಸಂಕ್ಷೇಪವಾಗಿ ಡ್ಯಾಕ್, ಎಂದು ಹೆಸರು. ಕೆಲವೇ ಸಾವಿರ ರೂಪಾಯಿಗಳಿಗೆ ದೊರೆಯುವ, ಅಂಗೈಯಗಲದ ಡ್ಯಾಕ್‌ಗಳು ಇಂದು ಸಾಮಾನ್ಯವಾಗಿವೆ. ಅದನ್ನು ಕೊಳ್ಳುವುದು ಸುಲಭ. ಹೊಂದಿಸುವುದರಲ್ಲಿ ವಿವೇಕ ಬೇಕು.

ಶಬ್ದವು ವಾಯುವಿನ ಕಂಪನ. ಅದನ್ನು ಅಂಕಿಗಳಾಗಿ ಬರೆದಿಡಬೇಕಾದರೆ ಕಂಪನದ ಎತ್ತರವನ್ನು ಕ್ಷಣಕ್ಷಣಕ್ಕೂ ಅಳೆಯಬೇಕು. ಅತ್ಯುಚ್ಚ ಕಂಪನಕ್ಕೆ ಎರಡು ಪಟ್ಟಿಗಿಂತ ಹೆಚ್ಚು ಬಾರಿ ಅಳೆದರೆ ಮೂಲ ತರಂಗವನ್ನು ಪೂರ್ಣವಾಗಿ ಮರಳಿ ಪಡೆಯಬಹುದೆಂಬ ತತ್ತ್ವವು ನೈಕ್ವಿಸ್ಟ್ 1928ರಲ್ಲಿ ಮಾಡಿದ ವಿಚಾರಗಳಿಂದ ಮೊಳೆತು, 1949ರಲ್ಲಿ ಶ್ಯಾನನ್ ಪ್ರಕಟಿಸಿದ ಪ್ರಬಂಧದಲ್ಲಿ ಸ್ಪಷ್ಟ ರೂಪ ತಾಳಿತು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಗ್ರಹಿಸುವುದರಿಂದ, 1982ರಲ್ಲಿ ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಮಾರುಕಟ್ಟೆಗೆ ತಂದ ಕಾಂಪ್ಯಾಕ್ಟ್ ಡಿಸ್ಕಿನಲ್ಲಿ ಸೆಕೆಂಡಿಗೆ 44,100 ಅಳತೆಗಳನ್ನು ಇಡಲಾಯಿತು. ಪ್ರತಿಯೊಂದು ಅಳತೆಯೂ 16 ಬಿಟ್‌ಗಳ ಅಂಕಿ. ಅಂದರೆ 65,536 ಮೆಟ್ಟಿಲುಗಳಲ್ಲಿ ಒಂದು. ಫಿಲಿಪ್ಸಿನ ಮೊದಲ ಪ್ಲೇಯರುಗಳಲ್ಲಿದ್ದ ಡ್ಯಾಕ್ ಬಿಲ್ಲೆಯು 14 ಬಿಟ್ಟಿನದು ಮಾತ್ರವಾಗಿದ್ದು, ನಾಲ್ಕು ಪಟ್ಟು ವೇಗದಲ್ಲಿ ಅಂಕಿಗಳನ್ನು ಎಣಿಸುವ ಜಾಣ್ಮೆಯಿಂದ ಕೊರತೆಯನ್ನು ತುಂಬಿಕೊಂಡಿತ್ತೆಂಬುದು ಇಲ್ಲಿ ಸ್ಮರಣೀಯ. ಬಿಟ್ಟಿನ ಸಂಖ್ಯೆಯೊಂದನ್ನೇ ನೋಡಿ ಉಪಕರಣದ ಬೆಲೆ ಕಟ್ಟುವವರಿಗೆ ಈ ಸಂಗತಿ ಒಂದಿಷ್ಟು ವಿನಯವನ್ನು ಕಲಿಸೀತು.

ಈ ಮೆಟ್ಟಿಲುಗಳ ಎತ್ತರವನ್ನು ಲೆಕ್ಕ ಹಾಕಿ ನೋಡುವುದು ಉಪಯುಕ್ತ. ಮೇಜಿನ ಡ್ಯಾಕ್ ಸಾಮಾನ್ಯವಾಗಿ 2 ವೋಲ್ಟ್ ಹೊರಡಿಸುತ್ತದೆ. ಶಿಖರದಿಂದ ತಳದವರೆಗೆ ಅಳೆದರೆ ಇದು ಸುಮಾರು 5.66 ವೋಲ್ಟ್. ಅದನ್ನು 65,536ರಿಂದ ಭಾಗಿಸಿದರೆ ಒಂದು ಮೆಟ್ಟಿಲಿಗೆ ದೊರೆಯುವುದು ಸುಮಾರು 86 ಮೈಕ್ರೋವೋಲ್ಟ್. ಒಂದು ವೋಲ್ಟಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಡ್ಯಾಕ್ ಈ ಮೆಟ್ಟಿಲುಗಳನ್ನು ಅಳೆಯುವ ಗಜಕಡ್ಡಿ ಯಾವುದು? ತನಗೆ ಒದಗಿಬಂದ ವಿದ್ಯುತ್ತಿನಿಂದಲೇ ಅದು ರಚಿಸಿಕೊಳ್ಳುವ ಒಂದು ಆಧಾರ ವೋಲ್ಟೇಜು. ಗಜಕಡ್ಡಿಯೇ ನಡುಗುತ್ತಿದ್ದರೆ ಬಟ್ಟೆಯ ಅಳತೆ ಸರಿಯಾಗಿ ಬರುವುದೆಂತು?

ಮೊದಲು ಜೋಡಣೆಯ ವಿಚಾರ. ಕಂಪ್ಯೂಟರಿನಿಂದ ಯು.ಎಸ್.ಬಿ. ತಂತಿಯ ಮೂಲಕ ಅಂಕಿಗಳು ಡ್ಯಾಕನ್ನು ಸೇರುತ್ತವೆ. ಹೆಚ್ಚಿನ ವೇಗದ ಡ್ಯಾಕ್‌ಗಳಿಗೆ ಹಿಂದೆ ವಿಂಡೋಸಿನಲ್ಲಿ ಪ್ರತ್ಯೇಕ ಡ್ರೈವರ್ ಬೇಕಾಗುತ್ತಿತ್ತು. 2017ರಲ್ಲಿ ವಿಂಡೋಸ್ 10ಕ್ಕೆ ಬಂದ ಪರಿಷ್ಕರಣದ ನಂತರ ಬಹುಪಾಲು ಆ ತೊಂದರೆ ತಪ್ಪಿದೆ. ಡ್ಯಾಕ್‌ನಿಂದ ಹೊರಡುವ ಎರಡು ತಂತಿಗಳಲ್ಲಿ ಕೆಂಪು ಬಲಕ್ಕೆ, ಬಿಳಿಯದು ಎಡಕ್ಕೆ. ಇವನ್ನು ಆಂಪ್ಲಿಫೈಯರಿನ ‘ಆಕ್ಸ್’ ಅಥವಾ ‘ಟೇಪ್’ ಎಂದು ಬರೆದಿರುವ ದ್ವಾರಕ್ಕೆ ಸೇರಿಸಬೇಕು. ಸೋನೊಡೈನ್, ಕಾಸ್ಮಿಕ್ ಮೊದಲಾದ ಹಳೆಯ ದೇಶೀಯ ಆಂಪ್ಲಿಫೈಯರುಗಳನ್ನು ಇಂದಿಗೂ ಜತನದಿಂದ ಇಟ್ಟುಕೊಂಡಿರುವ ಮನೆಗಳಿವೆ. ಅಂಥ ಯಂತ್ರಗಳ ಹಿಂಬದಿಯಲ್ಲಿ ‘ಫೋನೊ’ ಎಂಬ ದ್ವಾರವಿದ್ದರೆ ಅದಕ್ಕೆ ಎಂದೂ ಸೇರಿಸಬಾರದು. ಅದು ಗ್ರಾಮಫೋನ್ ಮುಳ್ಳಿನಿಂದ ಬರುವ ಸುಮಾರು 5 ಮಿಲಿವೋಲ್ಟಿಗಾಗಿ ಮಾಡಿದ್ದು. ಡ್ಯಾಕ್‌ನ 2 ವೋಲ್ಟ್ ಅದಕ್ಕೆ 400 ಪಟ್ಟು ಹೆಚ್ಚು. ತಂತಿಗಳನ್ನು ಸಿಕ್ಕಿಸುವುದು ಯಾವಾಗಲೂ ಎಲ್ಲ ಯಂತ್ರಗಳೂ ಆರಿರುವಾಗ.

ಇನ್ನು ವಿದ್ಯುತ್ತು. ಚಿಕ್ಕ ಡ್ಯಾಕ್‌ಗಳು ಯು.ಎಸ್.ಬಿ. ತಂತಿಯಲ್ಲಿಯೇ ಬರುವ 5 ವೋಲ್ಟಿನಿಂದ ನಡೆಯುತ್ತವೆ. ಎರಡನೆಯ ಪೀಳಿಗೆಯ ಯು.ಎಸ್.ಬಿ. ದ್ವಾರವು 500 ಮಿಲಿಆಂಪಿಯರ್, ಮೂರನೆಯದು 900 ಮಿಲಿಆಂಪಿಯರ್ ಕೊಡಬಲ್ಲದು. ಕೇವಲ ಆಂಪ್ಲಿಫೈಯರಿಗೆ ಸಂಕೇತ ಕಳಿಸುವ ಡ್ಯಾಕ್‌ಗೆ ಇದು ಧಾರಾಳ. ಹೊಸದಾಗಿ ಕೊಂಡವರು ಮೊದಲು ಹೀಗೆಯೇ ನಡೆಸಿ ನೋಡುವುದು ಲೇಸು. ಮೊರೆತವಿಲ್ಲದಿದ್ದರೆ ಮುಂದಿನ ಖರ್ಚಿಗೆ ಕಾರಣವೇ ಇಲ್ಲ.

ಪ್ರತ್ಯೇಕ ಅಡಾಪ್ಟರ್ ಬೇಡುವ ಡ್ಯಾಕ್‌ಗಳ ವಿಷಯದಲ್ಲಿ ಮೂರನ್ನು ನೋಡಬೇಕು: ಎಷ್ಟು ವೋಲ್ಟು, ಎಷ್ಟು ಆಂಪಿಯರು, ಮತ್ತು ಪಿನ್ನಿನ ಒಳಭಾಗ ಧನವೋ ಋಣವೋ. ಆಂಪಿಯರು ಹೆಚ್ಚಿದ್ದರೆ ಬಾಧಕವಿಲ್ಲ, ಡ್ಯಾಕ್ ತನಗೆ ಬೇಕಾದಷ್ಟನ್ನೇ ಸೆಳೆದುಕೊಳ್ಳುತ್ತದೆ. ವೋಲ್ಟು ಮತ್ತು ಧ್ರುವ ತಪ್ಪಿದರೆ ಒಂದೇ ಕ್ಷಣದಲ್ಲಿ ಬಿಲ್ಲೆ ಸುಡಬಹುದು. ಕೆಲವು ಡ್ಯಾಕ್‌ಗಳು ಪರ್ಯಾಯ ವಿದ್ಯುತ್ತನ್ನೇ ಬೇಡುತ್ತವೆ. ಪಿನ್ನು ಹೊಂದಿತೆಂದ ಮಾತ್ರಕ್ಕೆ ಅಡಾಪ್ಟರು ಹೊಂದಿತೆಂದು ಭಾವಿಸಬಾರದು.

ಸದಾರ ಪತ್ರಪ್ಪ ರಸ್ತೆಯ, ಎಂದರೆ ಜನರ ಬಾಯಲ್ಲಿ ಎಸ್.ಪಿ. ರೋಡಿನ, ಅಂಗಡಿಗಳಿಂದ ಬಿಡಿಭಾಗಗಳನ್ನು ತಂದು, ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ ಪೂರೈಕೆಯನ್ನು ಕೈಯಾರೆ ಕಟ್ಟುವ ಹವ್ಯಾಸಿಗಳಿದ್ದಾರೆ. 9 ವೋಲ್ಟಿನ ಟ್ರಾನ್ಸ್‌ಫಾರ್ಮರ್, ನಾಲ್ಕು ಡಯೋಡುಗಳ ಸೇತುವೆ, 2,200 ಮೈಕ್ರೋಫ್ಯಾರಡಿನ ಕೆಪಾಸಿಟರ್, 7805 ಎಂಬ ನಿಯಂತ್ರಕ: ಇಷ್ಟೇ ಅದರ ಸಾಮಗ್ರಿ. ಮನೆಯಲ್ಲಿ 230 ವೋಲ್ಟ್ ಇರುವಾಗ ಕೆಪಾಸಿಟರಿನ ಮೇಲೆ ಸುಮಾರು 11.3 ವೋಲ್ಟ್ ನಿಲ್ಲುತ್ತದೆ. 300 ಮಿಲಿಆಂಪಿಯರ್ ಸೆಳೆದಾಗ ಅದು ಸೆಕೆಂಡಿಗೆ 100 ಬಾರಿ ಸುಮಾರು 1.4 ವೋಲ್ಟಿನಷ್ಟು ಇಳಿದೇರುತ್ತದೆ. 7805 ಸರಿಯಾಗಿ ದುಡಿಯಲು ಸುಮಾರು 7 ವೋಲ್ಟ್ ಬೇಕು. ಆದುದರಿಂದ ಸಾಮಾನ್ಯ ದಿನಗಳಲ್ಲಿ ತೊಂದರೆಯಿಲ್ಲ. ಆದರೆ ಬೇಸಿಗೆಯ ಸಂಜೆ ಬೀದಿಯ ವೋಲ್ಟೇಜು 170ಕ್ಕೆ ಕುಸಿಯಿತೆನ್ನೋಣ. ಆಗ ಕೆಪಾಸಿಟರಿನ ಮೇಲೆ ಸುಮಾರು 8 ವೋಲ್ಟ್. ಇಳಿತದ ತಳದಲ್ಲಿ 6.6 ಮಾತ್ರ. ಆ ಕ್ಷಣಗಳಲ್ಲಿ ನಿಯಂತ್ರಕ ಸೋಲುತ್ತದೆ, 100ರ ಮೊರೆತ ಸಂಗೀತದೊಳಕ್ಕೆ ನುಗ್ಗುತ್ತದೆ. ಬೆಳಿಗ್ಗೆ ಶುದ್ಧವಾಗಿದ್ದ ಹಾಡು ಸಂಜೆಗೆ ಮಲಿನವಾಗುವುದರ ರಹಸ್ಯಗಳಲ್ಲಿ ಇದೊಂದು. ಕೆಪಾಸಿಟರನ್ನು 4,700ಕ್ಕೆ ಏರಿಸಿದರೆ ಇಳಿತ ಅರ್ಧಕ್ಕಿಂತ ಕಡಿಮೆಯಾಗುತ್ತದೆ. ನಿಯಂತ್ರಕದಲ್ಲಿ ಎರಡು ವಾಟ್‌ನಷ್ಟು ಉಷ್ಣ ಹುಟ್ಟುವುದರಿಂದ ಅದಕ್ಕೊಂದು ಅಲ್ಯುಮಿನಿಯಂ ರೆಕ್ಕೆ ಬೇಕು. 230 ವೋಲ್ಟಿನ ಭಾಗವನ್ನು ಬಲ್ಲವರ ಸಮಕ್ಷಮವಿಲ್ಲದೆ ವಿದ್ಯಾರ್ಥಿಗಳು ಮುಟ್ಟಕೂಡದು.

ಈ 100 ಕಂಪನಗಳ ಮೊರೆತ ಸಂಗೀತಗಾರರನ್ನು ವಿಶೇಷವಾಗಿ ಬಾಧಿಸಲು ಕಾರಣವಿದೆ. ಹಾರ್ಮೋನಿಯಂ ಭಾಷೆಯಲ್ಲಿ ಬಿಳಿ ಐದರ ಶ್ರುತಿಯಲ್ಲಿ ಹಾಡುವ ಗಾಯಕಿಯ ಷಡ್ಜ ಸೆಕೆಂಡಿಗೆ 196 ಕಂಪನ. ಅದರ ಕೆಳಗಿನ ಮಂದ್ರ ಷಡ್ಜ 98. ತಂಬೂರಿಯ 98ರ ಜೊತೆಗೆ ವಿದ್ಯುತ್ತಿನ 100 ಸೇರಿದಾಗ ಸೆಕೆಂಡಿಗೆ ಎರಡು ಬಾರಿ ಅಲೆಯಲೆಯಾಗಿ ನಾದ ಏರಿಳಿಯುತ್ತದೆ. ಗಾಯಕಿಯ ಶ್ರುತಿಯೇ ಸಡಿಲವೆಂಬ ಅಪವಾದ ಬರುವುದು ಹೀಗೆ!

ಪೂರೈಕೆ ಸರಿಯಿದ್ದೂ ಮೊರೆತ ನಿಲ್ಲದಿದ್ದರೆ, ಅದು ಅರ್ತ್ ತಂತಿಯ ಉರುಳಿನಿಂದ ಬಂದದ್ದಿರಬಹುದು. ಕಂಪ್ಯೂಟರು ಒಂದು ಗೋಡೆಯ ಪ್ಲಗ್ಗಿಗೂ ಆಂಪ್ಲಿಫೈಯರು ಇನ್ನೊಂದಕ್ಕೂ ಸೇರಿದ್ದು, ನಡುವೆ ಡ್ಯಾಕ್‌ನ ತಂತಿ ಇವೆರಡನ್ನೂ ಬೆಸೆದಾಗ ಒಂದು ಪೂರ್ಣ ವರ್ತುಲ ಏರ್ಪಟ್ಟು, ಅದರಲ್ಲಿ 50 ಕಂಪನಗಳ ಪ್ರವಾಹ ಹರಿಯುತ್ತದೆ. 1948ರಲ್ಲಿ ಅಸ್ತಿಭಾರ ಕಂಡ ಜಯನಗರದ ಹಳೆಯ ಮನೆಗಳಲ್ಲಿ ಕೋಣೆಗಳನ್ನು ಬೇರೆ ಬೇರೆ ಕಾಲದಲ್ಲಿ ಸೇರಿಸಿ ತಂತಿ ಎಳೆದಿದ್ದರೆ ಈ ಬಾಧೆ ಹೆಚ್ಚು. ಇದಕ್ಕೆ ‘ಪರಿಹಾರ’ವೆಂದು ಪ್ಲಗ್ಗಿನ ಮೂರನೆಯ ದಪ್ಪ ಕಡ್ಡಿಯನ್ನು ಕತ್ತರಿಸುವ ಅಥವಾ ಅರ್ತ್ ತಂತಿಯನ್ನು ಬಿಚ್ಚುವ ಚಾಳಿಯೊಂದುಂಟು. ಮೊರೆತ ನಿಲ್ಲುವುದೂ ಉಂಟು. ಆದರೆ ಮುಂದೊಂದು ದಿನ ಆಂಪ್ಲಿಫೈಯರಿನ ಒಳಗೆ ತಂತಿಯೊಂದು ಸಡಿಲವಾಗಿ ಲೋಹದ ಪೆಟ್ಟಿಗೆಗೆ ತಗುಲಿದರೆ, ಫ್ಯೂಸು ಹಾರುವ ಬದಲು ಪೆಟ್ಟಿಗೆಯೇ 230 ವೋಲ್ಟಿಗೆ ಏರುತ್ತದೆ. ಹಾಡಿನ ದನಿ ಹೆಚ್ಚಿಸಲು ಕೈ ಚಾಚುವುದು ಮನೆಯ ಮಗುವೇ ಆಗಿರಬಹುದು. ಯಾವ ಸಂಗೀತವೂ ಆ ಬೆಲೆಗೆ ಯೋಗ್ಯವಲ್ಲ. ಅರ್ತ್ ಕಡ್ಡಿಯನ್ನು ಕತ್ತರಿಸಬಾರದು. ಈಗಾಗಲೇ ಕತ್ತರಿಸಿದ್ದರೆ ಇಂದೇ ಸರಿಪಡಿಸಬೇಕು.

ನಿಜವಾದ ಪರಿಹಾರಗಳು ಅಗ್ಗವಾಗಿಯೇ ಇವೆ. ಎಲ್ಲ ಯಂತ್ರಗಳನ್ನೂ ಒಂದೇ ವಿಸ್ತರಣಾ ಬೋರ್ಡಿಗೆ ಸೇರಿಸಿದರೆ ಉರುಳು ಕಿರಿದಾಗುತ್ತದೆ. ಕಂಪ್ಯೂಟರಿನಲ್ಲಿ ಬೆಳಕಿನ ದ್ವಾರವಿದ್ದರೆ ಇನ್ನೂ ಉತ್ತಮ; 1983ರಲ್ಲಿ ತೋಷಿಬಾ ರೂಪಿಸಿದ ಈ ವಿಧಾನದಲ್ಲಿ ಅಂಕಿಗಳು ಪ್ಲಾಸ್ಟಿಕ್ ಎಳೆಯೊಳಗೆ ಬೆಳಕಾಗಿ ಸಾಗುವುದರಿಂದ ವಿದ್ಯುತ್ತಿನ ಸಂಬಂಧವೇ ಕಡಿದುಹೋಗುತ್ತದೆ.

ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಕೋಣೆಗಳಲ್ಲಿ ಲ್ಯಾಪ್‌ಟಾಪಿನ ಎರಡು ಕಡ್ಡಿಯ ಚಾರ್ಜರಿನಿಂದ ಲೋಹದ ಮೈ ಮುಟ್ಟಿದಾಗ ಜುಮ್ಮೆನ್ನುವುದು ಅನೇಕರ ಅನುಭವ. ಅದು ಚಾರ್ಜರಿನೊಳಗಿನ ಸಣ್ಣ ಕೆಪಾಸಿಟರಿನ ಮೂಲಕ ಸೋರುವ ಅತ್ಯಲ್ಪ ಪ್ರವಾಹ. ಇನ್ವರ್ಟರ್ ಚಾಲನೆಗೊಂಡಾಗ ಮಾತ್ರ ಗದ್ದಲವಾದರೆ ಅದರ ತರಂಗ ಚೌಕಾಕಾರದ್ದೆಂದು ತಿಳಿಯಬಹುದು. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ಸಂಜೆಗಳಲ್ಲಿ ಗುಂಡಿಯನ್ನು ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಬೇಕು.

ದೋಷದ ಮೂಲವನ್ನು ಹುಡುಕಲು ಯಾವ ಯಂತ್ರವೂ ಬೇಡ. ಹಾಡನ್ನು ನಿಲ್ಲಿಸಿ, ಆಂಪ್ಲಿಫೈಯರಿನ ದನಿಯನ್ನು ನಿಧಾನವಾಗಿ ಏರಿಸಿ ಕಿವಿಗೊಡಬೇಕು. ಲ್ಯಾಪ್‌ಟಾಪಿನ ಚಾರ್ಜರನ್ನು ತೆಗೆದಾಗ ಮೊರೆತ ನಿಂತರೆ ದೋಷ ಆ ದಾರಿಯಲ್ಲಿದೆ. ನಿಲ್ಲದಿದ್ದರೆ ಎಲ್ಲವನ್ನೂ ಆರಿಸಿ, ಡ್ಯಾಕ್‌ನ ಕೆಂಪು ಬಿಳಿ ತಂತಿಗಳನ್ನು ಬಿಚ್ಚಿ, ಆಂಪ್ಲಿಫೈಯರೊಂದನ್ನೇ ಮತ್ತೆ ಹೊತ್ತಿಸಬೇಕು. ಆಗಲೂ ಮೊರೆತವಿದ್ದರೆ ಡ್ಯಾಕ್ ನಿರಪರಾಧಿ. ದುರಸ್ತಿಗೆ ಹೋಗಬೇಕಾದುದು ಆಂಪ್ಲಿಫೈಯರು. ಎಲ್ಲವೂ ಮೌನವಾಗಿದ್ದು, ಹಾಡು ತೊಡಗಿದಾಗ ಮಾತ್ರ ಗುಂಯ್‌ಗುಟ್ಟಿದರೆ, ಆ ಸದ್ದು ಮುದ್ರಣದ ದಿನವೇ ಟೇಪಿನಲ್ಲೋ, ವರ್ಗಾಯಿಸಿದ ದಿನ ಕಂಪ್ಯೂಟರಿನಲ್ಲೋ ಸೇರಿಕೊಂಡದ್ದು. ಮೂಲ ಕ್ಯಾಸೆಟ್ಟು ಉಳಿದಿದ್ದರೆ ಇನ್ನೊಮ್ಮೆ ವರ್ಗಾಯಿಸಿ ನೋಡಬಹುದು. ಆದುದರಿಂದ ವರ್ಗಾವಣೆ ಮುಗಿಯಿತೆಂದು ಕ್ಯಾಸೆಟ್ಟುಗಳನ್ನು ಗುಜರಿಗೆ ಹಾಕಬಾರದು.