ಕುಳಿ, ಕೃತ್ತಿಕೆ, ಹೆಜ್ಜೇನು ಮರ

ಸಂಕ್ರಾಂತಿ ಕಳೆದ ಮೇಲೆ ಮಲೆನಾಡಿನ ಹಳೇ ಗುಡಿಗಳ ಸೂರಿನಡಿಯ ಮಣ್ಣು ಕಾಲಿಟ್ಟರೆ ಮೇಲೇಳುವಷ್ಟು ನುಣ್ಣಗಾಗಿರುತ್ತದೆ. ಹಂಚಿನ ನೀರು ಬಿದ್ದು ಮೂಡಿದ ಗೆರೆಯ ಒಳಬದಿಗೆ, ಗೋಡೆಗೆ ಒತ್ತಿಕೊಂಡ ಸಣ್ಣ ಪಟ್ಟಿಯಲ್ಲಿ ಕುಳಿಗಳು ಕಾಣುತ್ತವೆ. ಒಂದೊಂದೂ ಮೇಲೆ ಅಗಲ, ಕೆಳಗೆ ಚೂಪು. ತಳದಲ್ಲಿ ಮಣ್ಣಿನಡಿ ಹುದುಗಿ ಕೂತಿರುವುದು ಪುಸ್ತಕಗಳು ಇರುವೆಸಿಂಹ ಎಂದು ಕರೆಯುವ ಮರಿಹುಳು. ಅಂಗಳದ ಉಳಿದ ಭಾಗದಲ್ಲಿ ಎಷ್ಟು ಹುಡುಕಿದರೂ ಒಂದೂ ಸಿಗುವುದಿಲ್ಲ.

ಮೊಣಕಾಲೂರಿ ಕೂತು ನೋಡಬೇಕು. ಹುಳು ಹಿಂದಕ್ಕೆ ಹಿಂದಕ್ಕೆ ಸುತ್ತು ಹಾಕುತ್ತಾ, ಚಪ್ಪಟೆ ತಲೆಯಿಂದ ಮಣ್ಣನ್ನು ಚಿಮ್ಮುತ್ತಾ ಕುಳಿ ತೋಡುತ್ತದೆ. ಕುಳಿಯ ಗೋಡೆ ಸರಿಯಾಗಿ ಮಣ್ಣು ಜಾರುವ ಹಂತದ ಇಳಿಜಾರಿನಲ್ಲೇ ನಿಂತಿರುತ್ತದೆ. ಇರುವೆ ಅಂಚಿಗೆ ಕಾಲಿಟ್ಟ ಕೂಡಲೇ ಕುಸಿತ ಶುರು. ಇರುವೆ ಮೇಲೆ ಹತ್ತಿದಷ್ಟೂ ಕೆಳಗಿನಿಂದ ಮಣ್ಣು ಚಿಮ್ಮುತ್ತದೆ, ಕಾಲಡಿಯ ನೆಲವೇ ಜಾರುತ್ತದೆ. ಕೊನೆಗೆ ಕುಡುಗೋಲಿನಂಥ ಎರಡು ದವಡೆಗಳಷ್ಟೇ ಕ್ಷಣಕಾಲ ಕಾಣಿಸಿ, ಇರುವೆಯ ಸಮೇತ ಮಾಯವಾಗುತ್ತವೆ. ಸ್ವಲ್ಪ ಹೊತ್ತಿಗೆ ಹೀರಿ ಮುಗಿದ ಒಣ ತೊಗಟೆ ಕುಳಿಯ ಹೊರಗೆ ಬಂದು ಬೀಳುತ್ತದೆ. ಹಾಗೆ ಹೊರಗೆ ಚಿಮ್ಮಿದ ಮಣ್ಣು ಎಲ್ಲಿ ಬೀಳುತ್ತದೆ ಎಂಬುದನ್ನು ಗಮನಿಸಿ. ಪಕ್ಕದ ಕುಳಿ ತೀರಾ ಹತ್ತಿರವಿದ್ದರೆ ಅದರೊಳಕ್ಕೇ ಬೀಳುತ್ತದೆ. ಪಕ್ಕದ ಹುಳು ಅದನ್ನು ಮತ್ತೆ ಎತ್ತಿ ಹಾಕಬೇಕು. ಈ ಕಾಟ ಹೆಚ್ಚಾದರೆ ಅದು ಜಾಗ ಖಾಲಿ ಮಾಡುತ್ತದೆ, ಬೆಳಗ್ಗೆ ನೋಡಿದರೆ ಮಣ್ಣಿನ ಮೇಲೆ ಅದು ಸರಿದುಹೋದ ಅಂಕುಡೊಂಕು ಗೆರೆ ಇರುತ್ತದೆ.

ಈ ಕುಳಿಗಳನ್ನು ಗುಂಪು ಎನ್ನಬೇಕೇ? 1954ರಲ್ಲಿ ಕ್ಲಾರ್ಕ್ ಮತ್ತು ಇವಾನ್ಸ್ ಎಂಬ ಇಬ್ಬರು ಪರಿಸರ ವಿಜ್ಞಾನಿಗಳು ಇಂಥ ಪ್ರಶ್ನೆಗೆಂದೇ ಒಂದು ಸರಳ ಅಳತೆ ಕೊಟ್ಟರು. ಪ್ರತಿ ಗಿಡದಿಂದ, ಅಥವಾ ಪ್ರತಿ ಕುಳಿಯಿಂದ, ಅದರ ಅತಿ ಹತ್ತಿರದ ನೆರೆಗೆ ಎಷ್ಟು ದೂರ ಎಂದು ಅಳೆದು ಸರಾಸರಿ ತೆಗೆಯಿರಿ. ಅಷ್ಟೇ ಸಂಖ್ಯೆಯನ್ನು ಅದೇ ನೆಲದ ಮೇಲೆ ಕಣ್ಣುಮುಚ್ಚಿ ಎರಚಿದ್ದರೆ ಆ ದೂರ ಎಷ್ಟಾಗುತ್ತಿತ್ತು ಎಂದು ಲೆಕ್ಕ ಹಾಕಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಉತ್ತರ 1ರ ಹತ್ತಿರವಿದ್ದರೆ ಚೆದುರಿದ್ದು ಆಕಸ್ಮಿಕ. 1ಕ್ಕಿಂತ ತುಂಬ ಕಡಿಮೆಯಾದರೆ ಗುಂಪು. ಹೆಚ್ಚಾದರೆ ಒಂದನ್ನೊಂದು ದೂರವಿಟ್ಟಿವೆ ಎಂದರ್ಥ, ಅದು 2.15ರ ಹತ್ತಿರ ಮುಟ್ಟುವುದು ಎಲ್ಲವೂ ಷಟ್ಕೋನದ ಜೋಡಣೆಯಲ್ಲಿ ನಿಂತಾಗ ಮಾತ್ರ.

ಗುಡಿಯ ಸೂರಿನಡಿಯ ಪಟ್ಟಿ ಸುಮಾರು ಒಂದು ಚದರ ಮೀಟರ್, ಅದರಲ್ಲಿ 25 ಕುಳಿ ಎಂದಿಟ್ಟುಕೊಳ್ಳೋಣ. ಆಕಸ್ಮಿಕವಾಗಿ ಚೆದುರಿದ್ದರೆ ನೆರೆಯ ದೂರ 10 ಸೆಂಟಿಮೀಟರ್ ಬರಬೇಕು. ಟೇಪು ಹಿಡಿದರೆ 13ರ ಆಸುಪಾಸು ಬರುತ್ತದೆ. ಅಂದರೆ ಇವು ಒಂದನ್ನೊಂದು ದೂರ ಸರಿಸಿ ಕೂತಿವೆ. ಈಗ ಇಡೀ ಅಂಗಳವನ್ನು, 25 ಚದರ ಮೀಟರನ್ನು, ಲೆಕ್ಕಕ್ಕೆ ತೆಗೆದುಕೊಳ್ಳಿ. ಅದೇ 25 ಕುಳಿ ಅಷ್ಟಗಲಕ್ಕೆ ಚೆದುರಿದ್ದರೆ ನೆರೆಯ ದೂರ 50 ಸೆಂಟಿಮೀಟರ್ ಇರಬೇಕಿತ್ತು, ಇರುವುದು 13. ಈಗ ಅವು ಒತ್ತಾಗಿ ಗುಂಪುಗೂಡಿವೆ. ಕುಳಿಗಳು ಇದ್ದಲ್ಲೇ ಇವೆ, ನಾನು ಎಳೆದ ಗಡಿ ಮಾತ್ರ ಬದಲಾಯಿತು. ಎರಡು ಉತ್ತರವೂ ನಿಜ. ಮಳೆಹನಿ ಬೀಳದ ಒಣ ನೆಲವೆಂದು ಹುಳುಗಳೆಲ್ಲ ಸೂರಿನಡಿಗೆ ಸೇರಿವೆ. ಸೇರಿದ ಮೇಲೆ, ಚಿಮ್ಮುವ ಮಣ್ಣು ಒಂದನ್ನೊಂದು ದೂರ ತಳ್ಳಿದೆ. ಇವುಗಳ ತಾಯಿ ರೆಕ್ಕೆ ಬಂದ ಮೇಲೆ ಬಡಕಲು ಏರೋಪ್ಲೇನ್ ಚಿಟ್ಟೆಯಂತೆ ಕಾಣುವ ಕೀಟ. ಅದು ಮೊಟ್ಟೆ ಇಡುವುದೂ ಇಂಥ ಒಣ ಮಣ್ಣಿನಲ್ಲೇ ಎಂಬುದನ್ನೂ ಸೇರಿಸಿಕೊಳ್ಳಬೇಕು. ನೆಲ ಹಿಡಿಸಿದ್ದು, ತಾಯಿ ಬಿಟ್ಟುಹೋದದ್ದು, ನೆರೆಹೊರೆಯ ಜಗ್ಗಾಟ: ಗುಂಪಿಗೆ ಈ ಮೂರು ಕಾರಣಗಳು ಒಂದೇ ಮಾರಗಲದ ಮಣ್ಣಿನಲ್ಲಿ ಸಿಗುತ್ತವೆ. ನಾನು ಬೇರೆ ಬೇರೆ ಶಾಸ್ತ್ರಗಳ ಪುಸ್ತಕ ತಿರುವಿದಾಗಲೆಲ್ಲ ಇವೇ ಮೂರು ಬೇರೆ ವೇಷದಲ್ಲಿ ಎದುರಾಗುತ್ತವೆ. ಜೊತೆಗೆ ನಾಲ್ಕನೆಯದೊಂದು ಇರುತ್ತದೆ, ಅದು ಬರೀ ಆಕಸ್ಮಿಕ.

ಆಕಸ್ಮಿಕದ ಕೈಚಳಕವನ್ನು ನಾವು ಬಹಳ ಕಡಿಮೆ ಅಂದಾಜು ಮಾಡುತ್ತೇವೆ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಹಾರುವ ಬಾಂಬುಗಳು ಲಂಡನ್ನಿನ ಮೇಲೆ ಬೀಳುತ್ತಿದ್ದಾಗ, ಕೆಲವು ಬಡಾವಣೆಗಳಿಗೇ ಗುರಿಯಿಟ್ಟು ಹೊಡೆಯುತ್ತಿದ್ದಾರೆ ಎಂದು ಜನ ನಂಬಿದ್ದರು. ಆರ್.ಡಿ. ಕ್ಲಾರ್ಕ್ ಎಂಬ ವಿಮಾ ಗಣಿತಜ್ಞ ನಗರದ ದಕ್ಷಿಣ ಭಾಗದ 144 ಚದರ ಕಿಲೋಮೀಟರನ್ನು 576 ಚೌಕಗಳಾಗಿ ಕತ್ತರಿಸಿ, ಬಿದ್ದ 537 ಬಾಂಬುಗಳನ್ನು ಚೌಕವಾರು ಎಣಿಸಿ 1946ರಲ್ಲಿ ಪ್ರಕಟಿಸಿದ. ಒಂದೂ ಬೀಳದ ಚೌಕಗಳು 229. ಬರೀ ಆಕಸ್ಮಿಕವಾಗಿದ್ದರೆ 227 ಇರಬೇಕಿತ್ತು. ಒಂದೇ ಬಿದ್ದವು 211, ನಿರೀಕ್ಷೆಯೂ 211. ನಾಲ್ಕು ಬಿದ್ದವು 7, ನಿರೀಕ್ಷೆಯೂ 7. ಪಕ್ಕದ ಬೀದಿ ಪೂರ್ತಿ ಉಳಿದು ತಮ್ಮ ಬೀದಿಗೆ ನಾಲ್ಕು ಬಾಂಬು ಬಿದ್ದವರಿಗೆ ಇದನ್ನು ಹೇಗೆ ಹೇಳುವುದು? ಆದರೂ ಲೆಕ್ಕ ಅದೇ. ಕುರುಡಾಗಿ ಎರಚಿದ್ದು ಸಮನಾಗಿ ಹರಡುವುದಿಲ್ಲ, ಅಲ್ಲಲ್ಲಿ ಗುಡ್ಡೆಯಾಗಿಯೇ ಬೀಳುತ್ತದೆ. ಕಾಡಿನಲ್ಲಿ ಮೂರು ಮರ ಒತ್ತಾಗಿ ನಿಂತಿದ್ದು ಕಂಡ ಕೂಡಲೇ ಕಾರಣ ಹುಡುಕುವ ನಮ್ಮಂಥವರು ಈ ಕೋಷ್ಟಕವನ್ನು ದಿನಚರಿಯ ಮೊದಲ ಪುಟದಲ್ಲಿ ಅಂಟಿಸಿಕೊಳ್ಳಬೇಕು.

ಇದೇ ಪ್ರಶ್ನೆಯನ್ನು ಆಕಾಶಕ್ಕೆ ಕೇಳಿದವನು ಇಂಗ್ಲೆಂಡಿನ ಪಾದ್ರಿ ಜಾನ್ ಮಿಚೆಲ್, 1767ರಲ್ಲಿ. ಕೃತ್ತಿಕೆಯ ಆರು ಹೊಳೆಯುವ ನಕ್ಷತ್ರಗಳು ಅಷ್ಟು ಸಣ್ಣ ಜಾಗದಲ್ಲಿ ಆಕಸ್ಮಿಕವಾಗಿ ಬಂದು ಸೇರಿರುವ ಸಾಧ್ಯತೆ ಸುಮಾರು ಐದು ಲಕ್ಷಕ್ಕೆ ಒಂದು ಎಂದು ಅವನು ಲೆಕ್ಕ ಹಾಕಿದ. ಆದ್ದರಿಂದ ಅವು ನಿಜವಾಗಿಯೂ ಒಟ್ಟಿಗಿವೆ ಎಂದ. ನಕ್ಷತ್ರಗಳ ದೂರ ಅಳೆಯುವ ಉಪಾಯವೇ ಇಲ್ಲದ ಕಾಲದ ಮಾತಿದು. ಅವನ ಲೆಕ್ಕದ ರೀತಿಯ ಬಗ್ಗೆ ಮುಂದೆ ತಕರಾರು ಬಂತು: ಗುಂಪನ್ನು ಮೊದಲು ಕಣ್ಣಿಂದ ಆರಿಸಿಕೊಂಡು ಆಮೇಲೆ ಅದರ ಸಂಭವ ಲೆಕ್ಕ ಹಾಕುವುದು ಸರಿಯೇ ಎಂದು. ತಕರಾರು ನ್ಯಾಯವೇ. ಆದರೆ ತೀರ್ಮಾನ ಗಟ್ಟಿಯಾಗಿಯೇ ಉಳಿಯಿತು. ಕೃತ್ತಿಕೆಯ ಸಾವಿರಕ್ಕೂ ಮಿಕ್ಕ ನಕ್ಷತ್ರಗಳು ಸುಮಾರು 440 ಜ್ಯೋತಿರ್ವರ್ಷ ದೂರದಲ್ಲಿ, ಹತ್ತು ಕೋಟಿ ವರ್ಷದ ಹಿಂದೆ ಒಂದೇ ಅನಿಲದ ಮೋಡದಿಂದ ಹುಟ್ಟಿದ ಒಡಹುಟ್ಟುಗಳು. ಅದರ ಪಕ್ಕದ ರೋಹಿಣಿಯ ಕಥೆ ಬೇರೆ. ವೃಷಭದ ಮುಖದ ಚೂಪಾದ ನಕ್ಷತ್ರಗುಂಪಿನ ನಡುವೆ ಕೆಂಪಗೆ ಹೊಳೆಯುವ ಆ ನಕ್ಷತ್ರ ಆ ಗುಂಪಿಗೆ ಸೇರಿದ್ದೇ ಅಲ್ಲ. ಗುಂಪು ಇರುವುದು 150 ಜ್ಯೋತಿರ್ವರ್ಷದಾಚೆ, ರೋಹಿಣಿ 65ರಲ್ಲೇ ನಿಂತಿದೆ. ನಮ್ಮ ದೃಷ್ಟಿಯ ದಾರಿಗೆ ಅಡ್ಡ ಬಂದದ್ದರಿಂದ ಅಲ್ಲಿಯವಳಂತೆ ಕಾಣುತ್ತಾಳೆ. ಎರಡರ ಹೆಸರಲ್ಲೂ ಮಳೆ ಎಣಿಸುವ ನಮ್ಮ ರೈತರು ಇವನ್ನು ಅಕ್ಕಪಕ್ಕ ಇಟ್ಟಿದ್ದಾರೆ. ಒಂದು ನಿಜದ ಗುಂಪಿಗೂ ಒಂದು ತೋರಿಕೆಯ ನಂಟಿಗೂ ಇದಕ್ಕಿಂತ ಒಳ್ಳೆಯ ಪಾಠದ ಜೋಡಿ ಸಿಗಲಾರದು.

ಕಾಡಿಗೆ ಬರೋಣ. ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಿಂದ 50 ಹೆಕ್ಟೇರ್ ಕಾಡಿನ ಪ್ರತಿ ಮರಕ್ಕೂ, ಬೆರಳುಗಾತ್ರದ ಗಿಡಕ್ಕೂ, ತಗಡಿನ ಸಂಖ್ಯೆ ಹೊಡೆದು ನಕ್ಷೆ ಮಾಡಿಟ್ಟಿದ್ದಾರೆ. ಪನಾಮಾ, ಮಲೇಷ್ಯಾ, ಥಾಯ್ಲೆಂಡ್, ಶ್ರೀಲಂಕಾಗಳ ಇಂಥದೇ ನಕ್ಷೆಗಳ ಜೊತೆಗೆ ಮುದುಮಲೆಯದನ್ನೂ ಇಟ್ಟು ನೋಡಿದ ಅಧ್ಯಯನ 2000ದಲ್ಲಿ ಬಂತು. ಹೆಚ್ಚುಕಡಿಮೆ ಎಲ್ಲ ಜಾತಿಯ ಮರಗಳೂ ಆಕಸ್ಮಿಕಕ್ಕಿಂತ ಹೆಚ್ಚು ಗುಂಪಾಗಿವೆ, ಅಪರೂಪದ ಜಾತಿಗಳಂತೂ ಇನ್ನೂ ಹೆಚ್ಚು. ನನಗೆ ಇದರಲ್ಲಿ ತುಂಬ ಹಿಡಿಸುವುದು ಎದುರು ಬದುರಾಗಿ ಜಗ್ಗುವ ಎರಡು ಬಲಗಳು. ಬೀಜ ತಾಯಿಮರದ ಬುಡದಲ್ಲೇ ಹೆಚ್ಚು ಬೀಳುತ್ತದೆ, ಅದು ಗುಂಪು ಕಟ್ಟುತ್ತದೆ. ಆದರೆ ಆ ಜಾತಿಯನ್ನೇ ತಿನ್ನುವ ಹುಳು, ಬೂಸಲು ಕೂಡ ಅಲ್ಲೇ ಕಾದಿರುತ್ತವೆ, ಸಸಿಗಳನ್ನು ಬುಡದಲ್ಲೇ ಮುಗಿಸಿ ಗುಂಪನ್ನು ತೆಳುಗೊಳಿಸುತ್ತವೆ. 1970ರ ಆಸುಪಾಸಿನಲ್ಲಿ ಜಾನ್ಜೆನ್ ಮತ್ತು ಕಾನೆಲ್ ಎಂಬ ಪರಿಸರ ವಿಜ್ಞಾನಿಗಳು ಬೇರೆ ಬೇರೆಯಾಗಿ ಹೇಳಿದ ಮಾತಿದು. ಹಾಗಾಗಿ ಸಸಿಗಳ ನಕ್ಷೆಯಲ್ಲಿ ದಟ್ಟವಾಗಿ ಕಾಣುವ ಗುಂಪು ದೊಡ್ಡ ಮರಗಳ ನಕ್ಷೆಗೆ ಬರುವಷ್ಟರಲ್ಲಿ ಸಡಿಲವಾಗಿರಬಹುದು. ಗುಂಪಿಗೂ ವಯಸ್ಸಿದೆ.

ಹೆಜ್ಜೇನು ಮರದ ಮುಂದೆ ಕುಳಿಗಳಲ್ಲಿ ಕಂಡ ಆ ಮೂರೂ ಕಾರಣ ಸಾಲುವುದಿಲ್ಲ. ಎತ್ತರದ ಬೂರುಗದ ಮರವೊಂದರಲ್ಲಿ, ಅಥವಾ ಹರಡಿದ ಆಲದಲ್ಲಿ, ಹತ್ತಾರು ಎರಿಗಳು ಜೋತಿರುತ್ತವೆ. ನೂರು ದಾಟುವ ಮರಗಳೂ ಉಂಟು. ಪಕ್ಕದಲ್ಲೇ ಅಂಥದೇ ಎತ್ತರದ, ಅಂಥದೇ ಕೊಂಬೆಯ ಮರ ಬೋಳಾಗಿ ನಿಂತಿರುತ್ತದೆ. ದುರ್ಬೀನು ಹಿಡಿದು ಒಂದೇ ಎರಿಯನ್ನು ನೋಡುತ್ತಾ ನಿಂತರೆ, ಮೇಣ ಕಾಣುವುದೇ ಇಲ್ಲ. ಜೇನುಗಳೇ ಒಂದರ ಮೇಲೊಂದು ಹೊದ್ದು, ತಲೆ ಮೇಲೆ, ಹೊಟ್ಟೆ ಕೆಳಗೆ ಮಾಡಿ ಪರದೆ ಕಟ್ಟಿರುತ್ತವೆ. ಕಣಜವೊಂದು ಹತ್ತಿರ ಹಾರಿತೆಂದರೆ ಒಂದೆಡೆಯ ಜೇನುಗಳು ಹೊಟ್ಟೆಯನ್ನು ಸರ್ರನೆ ಮೇಲೆತ್ತುತ್ತವೆ, ಪಕ್ಕದವು ಅದನ್ನು ಕಂಡು ತಾವೂ ಎತ್ತುತ್ತವೆ, ಕಣ್ಣು ಮಿಟುಕಿಸುವುದರೊಳಗೆ ಒಂದು ಅಲೆ ಎರಿಯ ಉದ್ದಕ್ಕೂ ಹಾದುಹೋಗಿರುತ್ತದೆ. ಒಂದು ಜೇನಿಗೆ ಈ ಅಲೆ ಸಾಧ್ಯವಿಲ್ಲ. ಗುಂಪಾಗಿದ್ದರಿಂದಲೇ ಹುಟ್ಟಿದ ಗುಣ ಅದು.

ಒಂದೇ ಮರದ ಎರಿಗಳು ಒಂದೇ ಕುಟುಂಬದ ಕವಲುಗಳೇ? ನಾನೂ ಹಾಗೇ ಇದ್ದೀತು ಎಂದುಕೊಳ್ಳುತ್ತಿದ್ದೆ, ಹೆಚ್ಚಿನ ಜನರ ಎಣಿಕೆಯೂ ಅದೇ. ವಂಶವಾಹಿ ಪರೀಕ್ಷೆಗಳು ಬೇರೆಯೇ ಹೇಳಿದವು: ಒಂದು ಮರದ ನೆರೆಯ ಎರಿಗಳ ರಾಣಿಗಳು ಬಹುಮಟ್ಟಿಗೆ ಹತ್ತಿರದ ನೆಂಟರಲ್ಲ. ಅದೇ ಬಗೆಯ ಪರೀಕ್ಷೆಗಳಿಂದ ಇನ್ನೊಂದೂ ತಿಳಿಯಿತು. ಋತು ತಿರುಗಿದಾಗ ಮರ ಬಿಟ್ಟು ದೂರದ ಹೂವಿನ ಸೀಮೆಗೆ ಹೋದ ರಾಣಿ ತಿಂಗಳುಗಳ ನಂತರ ಅದೇ ಮರಕ್ಕೆ ಮರಳಬಲ್ಲದು. ಕೆಲಸಗಾರ ಜೇನುಗಳ ಆಯಸ್ಸು ಅಷ್ಟಿಲ್ಲ, ಹೋದವು ಬರುವ ಹೊತ್ತಿಗೆ ಉಳಿದಿರಲಾರವು. ಹಾಗಿದ್ದರೆ ಮರದ ನೆನಪು ಯಾರಲ್ಲಿ ಇರುತ್ತದೆ? ಕೊಂಬೆಯಲ್ಲಿ ಉಳಿದ ಹಳೇ ಮೇಣದ ವಾಸನೆ ದಾರಿ ತೋರಬಹುದು. ಆದರೆ ಅಷ್ಟು ದೂರದಿಂದ ಆ ಮರದ ತನಕ ತರುವುದು ವಾಸನೆಯೊಂದರಿಂದ ಆಗುವ ಕೆಲಸವಲ್ಲ ಎನಿಸುತ್ತದೆ.

ನೆಲದ ಮೇಲೆ ಕಾಣದ ಗುಂಪುಗಳೂ ಇವೆ. ರಾಗಿಯ ನೂರಾರು ತಳಿಗಳನ್ನು ಒಂದೇ ತಾಕಿನಲ್ಲಿ ಸಾಲಾಗಿ ಬಿತ್ತಿ, ಎತ್ತರ, ತೆಂಡೆ, ತೆನೆಯ ಉದ್ದ, ಕೊಯ್ಲಿಗೆ ಬರುವ ದಿನ ಎಲ್ಲ ಅಳೆದು, ಯಾವುದು ಯಾವುದಕ್ಕೆ ಹತ್ತಿರ ಎಂದು ಕೇಳಿದರೆ ಟೇಪು ಕೆಲಸಕ್ಕೆ ಬಾರದು. ಇಲ್ಲಿ ದೂರ ಎಂದರೆ ಗುಣಗಳ ನಡುವಿನ ದೂರ. ಎತ್ತರದ ಗಿಡಕ್ಕೆ ತೆನೆಯೂ ಉದ್ದವಾಗಿದ್ದರೆ ಅದನ್ನು ಎರಡು ಬೇರೆ ವ್ಯತ್ಯಾಸಗಳೆಂದು ಎಣಿಸಬಾರದು. ಇಂಥ ಒಳನಂಟನ್ನು ಕಳೆದು ದೂರ ಅಳೆಯುವ ಸೂತ್ರವನ್ನು ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಾಲನೋಬಿಸ್ 1936ರಲ್ಲಿ ಕೊಟ್ಟರು. ಮನುಷ್ಯರ ತಲೆ, ಮೂಗು, ಎತ್ತರಗಳ ಅಳತೆಗೆಂದು ಹುಟ್ಟಿದ್ದು ಅದು. ನಮ್ಮ ಹೂವಿನ ಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಿ.ಆರ್. ರಾವ್ ಆ ಸೂತ್ರವನ್ನು ಕೇಂಬ್ರಿಜ್‌ಗೆ ಕೊಂಡೊಯ್ದು, ಸೂಡಾನಿನ ಜೆಬೆಲ್ ಮೋಯಾ ಎಂಬಲ್ಲಿ ಅಗೆದು ತೆಗೆದ ಅಸ್ಥಿಗಳ ಮೇಲೆ ಪ್ರಯೋಗಿಸಿದರು. ಆ ದೂರಗಳಿಂದ ಗುಂಪು ಕಟ್ಟುವ ಕ್ರಮವನ್ನು ಅವರ 1952ರ ಪುಸ್ತಕ ವಿವರಿಸಿತು. ಇಂದಿಗೂ ನಮ್ಮ ಕೃಷಿ ವಿಶ್ವವಿದ್ಯಾಲಯಗಳ ತಳಿ ಅಭಿವೃದ್ಧಿಯ ಪ್ರಬಂಧಗಳಲ್ಲಿ ಅದೇ ಕ್ರಮ ನಡೆಯುತ್ತಿದೆ. ದೂರದ ಗುಂಪುಗಳಿಂದ ಒಂದೊಂದು ತಳಿ ಆರಿಸಿ ಅಡ್ಡಹಾಯಿಸುತ್ತಾರೆ. ಒಂದೇ ಸೀಮೆಯ ತಳಿಗಳು ಬೇರೆ ಬೇರೆ ಗುಂಪಿಗೆ ಬೀಳುವುದು ಈ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ.

ಕಂಪ್ಯೂಟರು ಬಂದ ಮೇಲೆ ಗುಂಪು ಕಟ್ಟುವುದು ಬಹಳ ಸುಲಭವಾಯಿತು, ನನ್ನ ದೃಷ್ಟಿಯಲ್ಲಿ ಅತಿ ಸುಲಭವಾಯಿತು. ಎಷ್ಟು ಗುಂಪು ಬೇಕು ಎಂದು ಮೊದಲೇ ಹೇಳಿಸಿಕೊಳ್ಳುವ ಕ್ರಮಗಳಿವೆ. ಐದು ಎಂದರೆ ಐದು ಕೊಡುತ್ತವೆ, ನಿಮ್ಮ ಅಂಕಿಗಳಲ್ಲಿ ಒಂದೂ ಗುಂಪು ಇಲ್ಲದಿದ್ದರೂ. ಕುಳಿಗಳ ಮುಂದೆ ಕೇಳಿದ ಪ್ರಶ್ನೆ, ಆಕಸ್ಮಿಕವಾಗಿದ್ದರೆ ಹೇಗಿರುತ್ತಿತ್ತು ಎಂಬುದು, ಅಲ್ಲಿ ಯಾರೂ ಕೇಳದೇ ಉಳಿದುಬಿಡಬಹುದು.

ಆ ಪ್ರಶ್ನೆಯ ಮೇಲೆ ಜೀವ ನಿಂತಿರುವುದು ರೋಗದ ನಕ್ಷೆಯಲ್ಲಿ. ಲಂಡನ್ನಿನ ಬ್ರಾಡ್ ಸ್ಟ್ರೀಟಿನಲ್ಲಿ 1854ರ ಕಾಲರಾ ಸಾವುಗಳನ್ನು ವೈದ್ಯ ಜಾನ್ ಸ್ನೋ ನಕ್ಷೆಯಲ್ಲಿ ಗುರುತಿಸಿದ್ದು ಎಲ್ಲರಿಗೂ ಗೊತ್ತು. ಸಾವುಗಳು ಒಂದು ನೀರಿನ ಪಂಪಿನ ಸುತ್ತ ಕಿಕ್ಕಿರಿದಿದ್ದವು. ಆದರೆ ರೋಗ ಆ ನೀರಿನಿಂದಲೇ ಬಂತೆಂಬ ಅವನ ವಾದ ಗಟ್ಟಿಯಾದದ್ದು ಗುಂಪಿಗೆ ಹೊಂದದವರಿಂದ: ಪಂಪಿನ ಪಕ್ಕದಲ್ಲೇ ಇದ್ದರೂ ಬಿಯರ್ ಕುಡಿದು ಬದುಕುಳಿದ ಮದ್ಯದ ಕಾರ್ಖಾನೆಯ ಕೆಲಸಗಾರರು, ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದರೂ ಅದೇ ನೀರು ತರಿಸಿ ಕುಡಿದು ಸತ್ತ ವಿಧವೆ.

ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗ, ಮುಸುವಗಳು ಸಾಲುಸಾಲಾಗಿ ಸತ್ತು ಬಿದ್ದಾಗ, ಅದರ ಬೆನ್ನಿಗೇ ಅಂಚಿನ ಊರುಗಳಲ್ಲಿ ಜ್ವರ ಬಂತು. ಕಾಡಿನ ಉಣುಗು ಹರಡುವ ಹೊಸ ವೈರಾಣು ಅದು. ಊರಲ್ಲಿ ಮಂಗನ ಕಾಯಿಲೆ ಎಂದೇ ಹೆಸರಾಯಿತು. ಗುಂಪು ಇಲ್ಲಿ ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು. ಸತ್ತ ಮಂಗದ ಮೈ ತಣ್ಣಗಾಗುತ್ತಲೇ ಅದರ ಮೇಲಿದ್ದ ಉಣುಗುಗಳು ಕೆಳಗಿಳಿಯುತ್ತವೆ. ಮರದಿಂದ ಮರಕ್ಕೆ ಓಡಾಡುವ ಮಂಗ ಬದುಕಿದ್ದಾಗ ಕಾಡಿನಗಲಕ್ಕೂ ಚೆಲ್ಲುತ್ತಿದ್ದ ಸೋಂಕು, ಅದು ಬಿದ್ದ ಜಾಗದ ತರಗೆಲೆಯಲ್ಲಿ ಒಟ್ಟಾಗಿ ಉಳಿಯುತ್ತದೆ. ಸೊಪ್ಪಿಗೆ, ಸೌದೆಗೆ, ದರಗು ಗುಡಿಸಲು ಹೋದವರಿಗೆ ಅಲ್ಲೇ ಹತ್ತುತ್ತದೆ. ಹಾಗಾಗಿ ಸತ್ತ ಮಂಗ ಸಿಕ್ಕ ಜಾಗದ ಸುತ್ತ ಆರೋಗ್ಯ ಇಲಾಖೆಯವರು ಕೀಟನಾಶಕದ ಪುಡಿ ಎರಚುತ್ತಾರೆ, ಜನರಿಗೆ ಅತ್ತ ಹೋಗಬೇಡಿ ಎನ್ನುತ್ತಾರೆ.

ಹಲವು ದಶಕ ಈ ಕಾಯಿಲೆ ಶಿವಮೊಗ್ಗ ಮತ್ತು ಸುತ್ತಲ ಜಿಲ್ಲೆಗಳದ್ದು ಎಂದೇ ಎಣಿಕೆಯಿತ್ತು. 2012ರಲ್ಲಿ ಬಂಡೀಪುರದಲ್ಲಿ, ಮುಂದೆ ವಯನಾಡು, ಗೋವಾಗಳಲ್ಲಿ ಅದು ಕಾಣಿಸಿತು. ಹರಡಿದ್ದೂ ನಿಜವಿರಬಹುದು, ಅಲ್ಲಿ ಮೊದಲು ಹುಡುಕಿದವರು ಇರಲಿಲ್ಲ ಎಂಬುದೂ ನಿಜವಿರಬಹುದು. ರಕ್ತ ಪರೀಕ್ಷೆಯ ವ್ಯವಸ್ಥೆ, ಮಂಗ ಸತ್ತರೆ ತಿಳಿಸಬೇಕೆಂದು ಬಲ್ಲ ಜನ ಎಲ್ಲಿದ್ದಾರೋ ನಕ್ಷೆಯ ಚುಕ್ಕೆಗಳು ಅಲ್ಲೇ ದಟ್ಟವಾಗುತ್ತವೆ. ಉಳಿದ ಕಡೆ ಖಾಲಿ ಕಾಣುವ ಕಾಡು ಖಾಲಿಯೇ ಎಂದು ನಂಬಬೇಕಾದರೆ ಅಲ್ಲಿಯೂ ಯಾರಾದರೂ ನಡೆದು ನೋಡಿರಬೇಕು. ಬೇಸಿಗೆಗೆ ಮುಂಚಿನ ತಿಂಗಳುಗಳಲ್ಲಿ ಕಾಡಿನಂಚಿನ ಊರಿನವರು, ಆಶಾ ಕಾರ್ಯಕರ್ತೆಯರು, ಅರಣ್ಯದ ವಾಚರುಗಳು ಸತ್ತ ಮಂಗ ಕಂಡ ದಿನವೇ ಸುದ್ದಿ ಮುಟ್ಟಿಸಿದರೆ ಆ ನಕ್ಷೆಯ ಚುಕ್ಕೆ ಜ್ವರ ಬರುವ ಮೊದಲೇ ಬೀಳುತ್ತದೆ.