ಹಳಿಗಳ ನಡುವಣ ಅಂತರ: ಪುಣೆಯಿಂದ ಕನ್ನಡ ನಾಡಿಗೆ

ಪುಣೆಯ ಉತ್ತರಕ್ಕೆ, ನಾಸಿಕದ ಹಾದಿಯಲ್ಲಿರುವ ಚಾಕಣಕ್ಕೆ ಇಂದಿಗೂ ರೈಲು ಬಂದಿಲ್ಲ. ಅಲ್ಲಿನ ಕಾರ್ಖಾನೆಗಳಲ್ಲಿ ದುಡಿಯಲು ಹೋಗುವ ಹುಬ್ಬಳ್ಳಿ, ಬೆಳಗಾವಿ ಕಡೆಯವರು ಪುಣೆಯಲ್ಲಿಳಿದು ಬಸ್ಸು ಹಿಡಿಯಬೇಕು. ಮುಂಬಯಿಗೆ ಹೋಗುವವರಾದರೋ ಅದೇ ಗಾಡಿಯಲ್ಲಿ ಮುಂದುವರಿಯುತ್ತಾರೆ. 1990ರ ದಶಕದವರೆಗೂ ಈ ಸೌಕರ್ಯವಿರಲಿಲ್ಲ. ಕಾರಣ, ಎರಡು ಹಳಿಗಳ ನಡುವಣ ಅಂತರ.

ಇಂಗ್ಲೆಂಡಿನಲ್ಲಿ ಸ್ಟೀಫನ್‌ಸನ್‌ನ 4 ಅಡಿ 8½ ಅಂಗುಲದ ಹಳಿಗೂ ಬ್ರುನೆಲ್‌ನ 7 ಅಡಿಯ ಹಳಿಗೂ ನಡೆದ ಕಲಹ 1846ರಲ್ಲಿ ಕಾಯಿದೆಯ ಮಟ್ಟಕ್ಕೆ ಮುಟ್ಟಿತು. ಆ ವಿವಾದದ ಕಾಲಕ್ಕೆ ಅಲ್ಲಿನ ವ್ಯಾಪಾರ ಮಂಡಳಿಯ ಅಧ್ಯಕ್ಷನಾಗಿದ್ದ ಡಾಲ್‌ಹೌಸಿಯೇ ಮುಂದೆ ಭಾರತದ ಗವರ್ನರ್ ಜನರಲ್ ಆದನು. ಇಡೀ ದೇಶಕ್ಕೆ ಒಂದೇ ಅಳತೆ ಇರಬೇಕೆಂಬುದು ಅವನ ಹಟ. ಅವನು 6 ಅಡಿ ಕೇಳಿದನು. ಕೊನೆಗೆ ನಿಂತದ್ದು 5 ಅಡಿ 6 ಅಂಗುಲಕ್ಕೆ. 1853ರಲ್ಲಿ ಮುಂಬಯಿ-ಠಾಣೆ ಮಾರ್ಗ ಈ ಅಳತೆಯಲ್ಲೇ ತೆರೆಯಿತು. 1863ರಲ್ಲಿ ಭೋರ್ ಘಾಟಿನ ಮಾರ್ಗ ಮುಗಿದು ಮುಂಬಯಿ-ಪುಣೆ ಹಳಿಗಳು ಕೂಡಿಕೊಂಡವು.

ಈ ಏಕತೆಯನ್ನು ಮುರಿದದ್ದು ಹಣದ ಅಡಚಣೆ. 1870ರಲ್ಲಿ ಲಾರ್ಡ್ ಮೇಯೊನ ಸರ್ಕಾರ ಮೀಟರ್ ಗೇಜನ್ನು ಒಪ್ಪಿತು. ಕಿರಿದಾದ ಏರಿ, ಹಗುರವಾದ ಹಳಿ, ಬಿಗಿಯಾದ ತಿರುವು: ಎಲ್ಲದರಲ್ಲೂ ಮಿತವ್ಯಯ. (ನಮ್ಮ ಅಂಗಡಿಗಳಿಗೆ ಮೀಟರ್ ಬಂದದ್ದು ಇದಾದ ಎಂಬತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಎಂಬುದೊಂದು ವಿನೋದ.)

ಕನ್ನಡ ನಾಡಿನ ಮಟ್ಟಿಗೆ ನಿರ್ಣಾಯಕವಾದುದು 1876-78ರ ಕ್ಷಾಮ. ಸೊಲ್ಲಾಪುರದವರೆಗೆ ರೈಲಿನಲ್ಲಿ ಧಾನ್ಯ ಬರುತ್ತಿತ್ತು. ಅಲ್ಲಿಂದ ಕಲಾದಗಿ, ಧಾರವಾಡ ಜಿಲ್ಲೆಗಳಿಗೆ ಸಾಗಿಸಲು ಎತ್ತಿನ ಗಾಡಿಯೇ ಗತಿ. ಮೇವಿಲ್ಲದ ನಾಡಿನಲ್ಲಿ ಎತ್ತುಗಳೆಲ್ಲಿ ನಡೆದಾವು? ಬೇಗ, ಅಗ್ಗವಾಗಿ ಹಳಿ ಹಾಸಬೇಕೆಂಬ ಒತ್ತಡಕ್ಕೆ ಮೀಟರ್ ಗೇಜೇ ಉತ್ತರವಾಯಿತು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಹೊಟಗಿಯಿಂದ ವಿಜಾಪುರದ ಮೂಲಕ ಗದಗಿಗೂ, ಪುಣೆಯಿಂದ ಮೀರಜ, ಬೆಳಗಾವಿಗಳ ಮೂಲಕ ಲೋಂಡಾಕ್ಕೂ ಇದೇ ಅಳತೆಯ ಹಳಿ ಹಾಸಿತು.

ಆ ನಿರ್ಧಾರವನ್ನು ಅವಿವೇಕವೆನ್ನಲಾಗದು. ಆದರೆ ಅದರ ಬೆಲೆಯನ್ನು ತೆತ್ತವರು ಮುಂದಿನ ತಲೆಮಾರುಗಳವರು. ಹೊಟಗಿಯಲ್ಲಿ, ಪುಣೆಯಲ್ಲಿ ಪ್ರತಿಯೊಂದು ಮೂಟೆಯೂ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ಹಮಾಲರ ಬೆನ್ನ ಮೇಲೆ ದಾಟಬೇಕಾಯಿತು. ವಿಳಂಬ, ಸೋರಿಕೆ, ಕೂಲಿ ಇವೆಲ್ಲ ಸರಕಿನ ಬೆಲೆಗೆ ಸೇರುತ್ತಿದ್ದವು. 1971ರಲ್ಲಿ ಪುಣೆ-ಮೀರಜ ಮಾರ್ಗ ಬ್ರಾಡ್ ಗೇಜ್ ಆದಾಗ ಈ ಇಳಿಸಿ ಏರಿಸುವ ಕೆಲಸ ನಿಲ್ಲಲಿಲ್ಲ, ಮೀರಜಕ್ಕೆ ಸ್ಥಳಾಂತರಗೊಂಡಿತು ಅಷ್ಟೆ. 1992ರಲ್ಲಿ ಏಕ ಗೇಜ್ ಯೋಜನೆ ಆರಂಭವಾಗಿ, ಆ ದಶಕದಲ್ಲಿ ಮೀರಜದಿಂದ ದಕ್ಷಿಣದ ಹಳಿಗಳೂ ಅಗಲವಾದ ಮೇಲೆಯೇ ಮೀರಜದ ಆ ಕೆಲಸ ಮುಗಿದದ್ದು.