ಕೆನೆ ಬಣ್ಣವೋ, ಗಂಧದ ಬಣ್ಣವೋ?

ಮಳಿಗೆ ಅಥವಾ ಕಚೇರಿಗೆ ಬಣ್ಣ ಬಳಿಸುವಾಗ ಕೆನೆ ಬಣ್ಣ ಮತ್ತು ತಿಳಿ ಗಂಧದ ಬಣ್ಣಗಳ ನಡುವೆ ಯಾವುದನ್ನು ಆರಿಸಬೇಕೆಂಬ ಗೊಂದಲ ಅನೇಕ ವರ್ತಕರನ್ನು ಕಾಡುವುದುಂಟು. ಶೇಡ್ ಕಾರ್ಡ್‌ನಲ್ಲಿ ಇವೆರಡೂ ಬಹುತೇಕ ಒಂದೇ ಎಂಬಂತೆ ತೋರುತ್ತವೆ. ಗೋಡೆಗೇರಿದ ಬಳಿಕವಷ್ಟೇ ವ್ಯತ್ಯಾಸ ಅರಿವಾಗುತ್ತದೆ. ಆಗ ಮರಳಿ ಬಳಿಸುವುದಾದರೆ ಬಣ್ಣದ ಬೆಲೆ ಮತ್ತು ಕೂಲಿಯ ಜೊತೆಗೆ, ವ್ಯಾಪಾರ ನಿಂತ ದಿನಗಳ ನಷ್ಟವನ್ನೂ ಭರಿಸಬೇಕಾಗುತ್ತದೆ.

ಈ ವ್ಯತ್ಯಾಸದ ಮೂಲ ವರ್ಣದ್ರವ್ಯದಲ್ಲಿದೆ. ಎರಡಕ್ಕೂ ಬಿಳುಪನ್ನು ನೀಡುವುದು ಟೈಟಾನಿಯಂ ಡೈಆಕ್ಸೈಡ್. ಅದಕ್ಕೆ ಹಳದಿ ಐರನ್ ಆಕ್ಸೈಡನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿದರೆ ಕೆನೆಯ ಛಾಯೆ ಬರುತ್ತದೆ. ಜೊತೆಗೆ ಕೊಂಚ ಕೆಂಪು ಐರನ್ ಆಕ್ಸೈಡ್ ಬೆರೆತರೆ ಗಂಧದ ಛಾಯೆ ಮೂಡುತ್ತದೆ. ಎರಡು ಮಾದರಿಗಳನ್ನೂ ಅಚ್ಚ ಬಿಳಿಯ ಕಾಗದದ ಮೇಲಿರಿಸಿ ನೋಡಿದಲ್ಲಿ, ಯಾವುದು ಹಳದಿಗೆ, ಯಾವುದು ಕೆಂಪಿಗೆ ವಾಲುತ್ತದೆಂಬುದು ಸ್ಪಷ್ಟವಾಗುತ್ತದೆ.

ಎರಡನೆಯ ಅಂಶ ಬೆಳಕು. 2700 ಕೆಲ್ವಿನ್‌ನ ಎಲ್‌ಇಡಿ ದೀಪ ಹಳದಿ ಮಿಶ್ರಿತ ಬೆಳಕನ್ನೂ, 6500 ಕೆಲ್ವಿನ್‌ನ ದೀಪ ನೀಲಿ ಮಿಶ್ರಿತ ಬಿಳಿ ಬೆಳಕನ್ನೂ ಬೀರುತ್ತವೆ. ಒಂದು ಬೆಳಕಿನಲ್ಲಿ ಸರಿಹೊಂದುವ ಎರಡು ಬಣ್ಣಗಳು ಮತ್ತೊಂದರಲ್ಲಿ ಬೇರೆ ಬೇರೆಯಾಗಿ ಕಾಣಬಹುದು. ಇದಕ್ಕೆ ಮೆಟಾಮೆರಿಸಂ ಎಂದು ಹೆಸರು. ಅಲ್ಲದೆ, ಎದುರುಬದುರು ಗೋಡೆಗಳು ಪರಸ್ಪರ ಬೆಳಕನ್ನು ಪ್ರತಿಫಲಿಸುವುದರಿಂದ ಕಿರಿದಾದ ಕೊಠಡಿಯಲ್ಲಿ ಬಣ್ಣ ಕಾರ್ಡಿಗಿಂತ ಗಾಢವಾಗಿ ತೋರುತ್ತದೆ. ಗೋಡೆಯ ಛಾಯೆ ಸರಕಿನ ಮೇಲೂ ಬೀಳುವುದರಿಂದ ಬಟ್ಟೆ ಮತ್ತು ಆಭರಣ ವರ್ತಕರು ಈ ಬಗ್ಗೆ ವಿಶೇಷ ಗಮನ ಹರಿಸುವುದು ಒಳಿತು. ಅಂಗಡಿಯಲ್ಲಿ ಮೆಚ್ಚಿದ ಸೀರೆ ಮನೆಯಲ್ಲಿ ಬೇರೆಯಾಗಿ ಕಂಡರೆ ಗ್ರಾಹಕರು ದೂರುವುದು ವರ್ತಕರನ್ನೇ.

ಆದ್ದರಿಂದ ಎರಡು ಅಡಿ ಚದರದ ಎರಡು ಹಲಗೆಗಳಿಗೆ ಎರಡೆರಡು ಕೋಟ್ ಬಳಿಸಿ, ಪೂರ್ಣ ಒಣಗಿದ ನಂತರ ಅದೇ ಕೊಠಡಿಯಲ್ಲಿ ನಿಲ್ಲಿಸಿ, ಬೆಳಿಗ್ಗೆ, ಮಧ್ಯಾಹ್ನ ಹಾಗೂ ದೀಪ ಹಚ್ಚಿದ ಮೇಲೆ ಪರಿಶೀಲಿಸಬೇಕು. ಮಾರುವ ಸರಕನ್ನೂ ಅವುಗಳ ಮುಂದಿರಿಸಿ ನೋಡಬೇಕು. ಹೊಸ ದೀಪ ಅಳವಡಿಸುವುದಿದ್ದರೆ ಅದನ್ನು ಮೊದಲು ಮುಗಿಸಿ, ಬಣ್ಣವನ್ನು ನಂತರ ಆರಿಸುವುದು ಸೂಕ್ತ.

ಕೊನೆಯದಾಗಿ, ಒಂದೇ ಹೆಸರಿನ ಛಾಯೆ ಎಲ್ಲ ತಯಾರಕರಲ್ಲೂ ಒಂದೇ ಆಗಿರುವುದಿಲ್ಲ. ಆದೇಶದಲ್ಲಿ ಛಾಯೆಯ ಸಂಕೇತ ಸಂಖ್ಯೆಯನ್ನೂ, ಬಿಲ್ಲಿನಲ್ಲಿ ಬ್ಯಾಚ್ ಸಂಖ್ಯೆಯನ್ನೂ ತಪ್ಪದೆ ಬರೆಸಬೇಕು. ಬೇಕಾಗುವಷ್ಟನ್ನು ಒಮ್ಮೆಗೇ ಖರೀದಿಸಿ, ಡಬ್ಬಿಗಳ ಬಣ್ಣವನ್ನು ದೊಡ್ಡ ಪಾತ್ರೆಯಲ್ಲಿ ಬೆರೆಸಿಕೊಂಡಲ್ಲಿ ಗೋಡೆಯಿಂದ ಗೋಡೆಗೆ ಭೇದ ತಲೆದೋರದು. ಹಲಗೆಗೆ ತಗಲುವ ಅಲ್ಪ ವೆಚ್ಚ, ಮರಳಿ ಬಳಿಸುವ ದೊಡ್ಡ ವೆಚ್ಚವನ್ನು ತಪ್ಪಿಸಬಲ್ಲದು.